ಊರಬಾಗಿಲಿಂದ ಹೊರಡದ ಗೆರೆ

ನಮ್ಮೂರಲ್ಲಿ ಹುಟ್ಟಿದ ಮಗು ಅವ್ವ ಅನ್ನುವುದಕ್ಕಿಂತ ಮೊದಲು ಓರೆ ಹೇಳುತ್ತದೆ ಅಂತ ಹೊರಗಿನವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಊರ ಬಾಯಿಗೆ ಬಟ್ಟೆ ಕಟ್ಟಲಾದೀತೆ. ಅವರ ಹಿತ್ತಲ ಗೋಡೆಯಾಚೆ ಬಿಳಿಬಯಲು ಇದ್ದಿದ್ದರೆ ಅವರೂ ಕಲಿಯುತ್ತಿದ್ದರು.

ಬಿಳಿಬಯಲು ಅಂದರೆ ಊರ ಮೂಡಲಿಗೆ ಹಾಸಿಕೊಂಡು ಬಿದ್ದಿರುವ ಮಂಜು. ಬೇಸಗೆ, ಮಳೆಗಾಲ ಯಾವುದಕ್ಕೂ ಅದು ಏಳುವುದಿಲ್ಲ. ಅದರೊಳಗೆ ಹೊಕ್ಕವರು ಮೊದಲ ಹೆಜ್ಜೆ ಯಾವ ದಿಕ್ಕಿಗೆ ಇಟ್ಟರೋ ಅದೇ ದಿಕ್ಕಿಗೆ ನೆಟ್ಟಗೆ ಹೋಗಬೇಕು. ತಿರುಗಲು ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ನಡೆಯುತ್ತ ಹೊಕ್ಕರೆ ನಡೆಸಿಕೊಂಡು ಹೋಗುತ್ತದೆ, ಓಡುತ್ತ ಹೊಕ್ಕರೆ ಓಡಿಸಿಕೊಂಡು. ಒಳಗೆ ಕೂಗಿದರೆ ಕೂಗು ತುಟಿಯಿಂದಾಚೆ ಹೋಗುವುದಿಲ್ಲ. ಆಚೆ ದಡದಲ್ಲಿ ನಡುಗಟ್ಟೆ ಅಂತ ಒಂದು ಜಾಗವಿದೆ, ಅಲ್ಲಿಂದ ಸಂತೆಗೆ ರಸ್ತೆ. ನಡುಗಟ್ಟೆಯ ಎರಡು ಮಗ್ಗುಲಿಗೂ ಹಳೆಯ ಕಲ್ಲುಗಣಿ. ಮಂಜು ಗಣಿಯ ಅಂಚಿನವರೆಗೂ ಹಬ್ಬಿರುವುದರಿಂದ, ಅಂಚು ಕಣ್ಣಿಗೆ ಬೀಳುವ ಹೊತ್ತಿಗೆ ಕಾಲು ಗಾಳಿಯಲ್ಲಿರುತ್ತದೆ. ಸುತ್ತು ಹಾಕಿ ಹೋಗುತ್ತೇನೆ ಅಂದರೆ ಒಂದು ಹಗಲು ಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

ಹಾಗಾಗಿ ಎಲ್ಲರೂ ಊರಬಾಗಿಲಿಗೆ ಬರುತ್ತಾರೆ. ಅಲ್ಲಿ ನಾನು ಮತ್ತು ವರಸೆಯಲ್ಲಿ ನನಗೆ ಭಾವನಾದ ಮರಿಸಿದ್ದಪ್ಪ ಓರೆ ಹೇಳುತ್ತೇವೆ, ಬಂದವರ ಪಾದ ಹಿಡಿದು ತಿರುಗಿಸಿ ಬಿಡುತ್ತೇವೆ. ಓರೆ ಅಂದರೆ ಮೂಡಲಿಗೆ ಇಷ್ಟು ಹಗ್ಗ ಹೋಗುವಷ್ಟರಲ್ಲಿ ಬಡಗಲಿಗೆ ಎಷ್ಟು ಹಗ್ಗ ಸರಿಯಬೇಕು ಅನ್ನುವ ಲೆಕ್ಕ. ನಮ್ಮ ಅಳತೆಯೆಲ್ಲ ಹಗ್ಗದಲ್ಲೇ. ನಡುಗಟ್ಟೆಗೆ ಹತ್ತಕ್ಕೆ ಒಂಬತ್ತು. ಅಷ್ಟೇ ಸಾಕು, ಬೇರೆ ಮಾತು ಬೇಡ. ಎಲ್ಲರೂ ಹೊರಡುವುದು ಬಾಗಿಲಿಂದಲೇ ಆದ ಮೇಲೆ ಎಲ್ಲಿಂದ ಹೊರಟೆ ಅಂತ ಕೇಳುವವರು ಯಾರು? ನಮ್ಮೂರಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ದಾರಿ ತಪ್ಪಿದವರಿಗಾಗಿ ಹಿಂದಿನವರು ಬಯಲೊಳಗೆ ಅಲ್ಲಲ್ಲಿ ಕಂಬ ನೆಟ್ಟು ಗಂಟೆ ಕಟ್ಟಿದ್ದಾರೆ. ಮಗ್ಗುಲಲ್ಲಿ ಮನುಷ್ಯ ಹಾದರೆ ಗಂಟೆ ತಾನಾಗಿ ಮೊಳಗುತ್ತದೆ, ಅದರ ದನಿಯೊಂದು ಮಾತ್ರ ಮಂಜು ದಾಟಿ ಎರಡೂ ದಡಕ್ಕೆ ಕೇಳಿಸುತ್ತದೆ. ಒಂದೊಂದಕ್ಕೆ ಒಂದೊಂದು ಹೆಸರು, ಒಂದೊಂದರ ದನಿ ಒಂದೊಂದು ಥರ. ಯಾವುದು ಮೊಳಗಿತು ಅಂತ ಗೊತ್ತಾದರೆ ಬಾಗಿಲಿಂದ ಆ ಗಂಟೆಗೆ ಒಂದು ಗೆರೆ ಎಳೆದು, ಅದನ್ನೇ ಆಚೆ ದಡದವರೆಗೆ ಚಾಚಿದರೆ ತಪ್ಪಿದವರು ಎಲ್ಲಿ ಹೊರಬೀಳುತ್ತಾರೆ ಅಂತ ಸಿಕ್ಕಿತು. ಒಬ್ಬರು ನಡುಗಟ್ಟೆಗೆ ಓಡಿಹೋಗಿ ಹೇಳಿದರೆ ಅಲ್ಲಿನ ಬಲೆಯವರು ಆ ಜಾಗದಲ್ಲಿ ಗಣಿಯ ಅಂಚಿಗೆ ಬಲೆ ಒಡ್ಡುತ್ತಾರೆ. ಇರುವುದು ಒಂದೇ ಬಲೆ. ಅಗಲ ಒಂದು ಹಗ್ಗಕ್ಕಿಂತ ಚೂರು ಕಮ್ಮಿ.

ಆವತ್ತು ಸಂತೆಯಿಲ್ಲ. ಮಧ್ಯಾಹ್ನದ ಊಟ ಮುಗಿಸಿ ನಾನು ಬಾಗಿಲ ಜಗಲಿಯ ಮೇಲೆ ಅವರೆಕಾಳು ಹಿದುಕುತ್ತ ಕೂತಿದ್ದೆ, ಭಾವ ಟವೆಲು ಮುಖಕ್ಕೆ ಹಾಕಿಕೊಂಡು ಮಲಗಿದ್ದರು. ಬಯಲೊಳಗೆ ಒಂದು ನರಪಿಳ್ಳೆಯೂ ಇಲ್ಲದ ಹೊತ್ತು. ಒಡಕಲಿ ಗಂಟೆ ಮೊಳಗಿತು. ಒಡೆದ ಮಡಕೆ ಬಡಿದ ಹಾಗೆ ಅದರ ದನಿ.

ಭಾವ ಟವೆಲು ತೆಗೆಯದೆಯೇ ಕೇಳಿದರು, "ಯಾರನ್ನ ಬಿಟ್ಟೆ ದೇವೀರಿ?"

"ಯಾರ್ನೂ ಬಿಟ್ಟಿಲ್ಲ ಭಾವ. ಬೆಳಗ್ಗೆ ಹೋದೋರೆಲ್ಲ ಆಗ್ಲೇ ದಾಟವ್ರೆ."

"ಹಂಗಾರೆ ನೀನು ಅವರೆಕಾಳು ನೋಡ್ತಿರೋವಾಗ ಯಾರೋ ನುಗ್ಗವ್ರೆ."

"ನನಗೇನು ಕಣ್ಣಿಲ್ವಾ? ಜಗಲಿ ಮೇಲೆ ನಾನಿದೀನಿ, ನೊಣ ಹೋದ್ರೂ ಕಾಣ್ತದೆ."

ಭಾವ ನಕ್ಕು ಎದ್ದು ಕೂತರು. ಒಡಕಲಿ ಇರುವುದು ಮೂಡಲಿಗೆ ನಾಲ್ಕು ಹಗ್ಗ, ಬಡಗಲಿಗೆ ಎಂಟು. "ಒಂದಕ್ಕೆ ಎರಡು ಓರೆ. ಬಡಗಣ ಹುಲ್ಲುಗಾವಲಿಗೆ ಹೋಗಿ ಬೀಳ್ತಾನೆ. ಕೆಸರು ಮೆತ್ಕತದೆ, ಅಷ್ಟೆ. ಬುದ್ಧಿ ಬರ್ಲಿ," ಅಂದು ಮತ್ತೆ ಒರಗಿದರು. ನನಗೂ ಹೌದನ್ನಿಸಿತು. ಬಾಗಿಲಲ್ಲಿ ನಾನು ಯಾರನ್ನೂ ನೋಡಿರಲಿಲ್ಲ ಅನ್ನುವುದೊಂದು ಮಾತ್ರ ಹಲ್ಲಿನ ಸಂದಿಯ ಅಡಕೆ ಚೂರಿನ ಹಾಗೆ ಕಾಡುತ್ತಿತ್ತು.

ಆಮೇಲೆ ನನ್ನ ಗಂಡ ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. "ಅವ್ವ ಇಲ್ಲಿಗೇನಾದ್ರೂ ಬಂದಿತ್ತಾ?"

"ಅತ್ತೆ ಇಲ್ಲಿಗ್ಯಾಕೆ ಬರ್ತಾರೆ? ಸೊಂಟ ಹಿಡ್ಕೊಂಡು ಮಲಗಿದ್ರಲ್ಲ."

"ಮನೇಲಿಲ್ಲ. ಬೀದೀಲಿಲ್ಲ. ಗುಡಿ ತಾವೂ ಇಲ್ಲ. ಕೋಲೂ ಕಾಣ್ತಿಲ್ಲ."

ನನ್ನ ಅತ್ತೆ ಸಾಕಮ್ಮ. ಹೆಸರು ಸಾಕಮ್ಮನಾದರೂ ಯಾವುದನ್ನೂ ಸಾಕು ಅಂದವರಲ್ಲ. ಎಪ್ಪತ್ತು ದಾಟಿದ ಮೇಲೂ ಕುಕ್ಕರುಗಾಲಲ್ಲಿ ಕೂತು ರೊಟ್ಟಿ ತಟ್ಟುತ್ತಾರೆ, ನನ್ನ ರೊಟ್ಟಿ ನೋಡಿ ದೇವರಿಗೇ ಅಳು ಬರುತ್ತದೆ ಅನ್ನುತ್ತಾರೆ. ನಾವಿಬ್ಬರೂ ಬೆಳಗಾದರೆ ಜಗಳ ಆಡುತ್ತೇವೆ. ಅವರಿಲ್ಲದೆ ಆ ಮನೆಯಲ್ಲಿ ಒಂದು ದಿನವೂ ಇರಲು ನನಗಾಗದು, ಇದನ್ನು ಅವರ ಮುಂದೆ ಮಾತ್ರ ಹೇಳಬೇಡಿ.

ಗಂಡನ ಮಾತಿಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಕಂಚವ್ವ ಮೊಳಗಿತು. ಉದ್ದಕ್ಕೆ ಎಳೆಯುವ ದಪ್ಪ ದನಿ. ಕಂಚವ್ವ ಇರುವುದು ಮೂಡಲಿಗೆ ಹತ್ತು, ಬಡಗಲಿಗೆ ಹನ್ನೊಂದು. ಈ ಸಲ ಭಾವ ಮಲಗಲಿಲ್ಲ. ಹತ್ತಕ್ಕೆ ಹನ್ನೊಂದರ ಓರೆಯಲ್ಲಿ ಬಾಗಿಲಿಂದ ಹೊರಟರೆ ಹುಲ್ಲುಗಾವಲಲ್ಲ, ಕಲ್ಲುಗಣಿ. ಆಚೆ ದಡ ಮೂಡಲಿಗೆ ಮೂವತ್ತು ಹಗ್ಗ. ಅಲ್ಲಿಗೆ ಮುಟ್ಟುವಾಗ ಬಡಗಲಿಗೆ ಮೂವತ್ತಮೂರು. ಅಷ್ಟು ಆಳದ ಗಣಿ ಬೇರೆಲ್ಲೂ ಇಲ್ಲ.

ಎರಡು ಗಂಟೆ ಕೇಳಿ ಬೀದಿಯ ಜನವೆಲ್ಲ ಬಾಗಿಲ ಮುಂದೆ ಕೂಡಿತು. ಭಾವ ಅಂದರು, "ಒಳಗೆ ಇಬ್ಬರವ್ರೆ. ಒಡಕಲಿ ತಾವ ಹೋದೋನು ಒಬ್ಬ, ಅವನಿಗೇನೂ ಆಗಲ್ಲ. ಕಂಚವ್ವನ ತಾವ ಹೋದೋರು ಸಾಕಮ್ಮತ್ತೆ. ಬಲೆ ಮೂವತ್ತಮೂರಕ್ಕೆ."

"ಇಬ್ಬರು ನುಗ್ಗೋವರ್ಗೂ ನಾನೇನು ನಿದ್ದೆ ಮಾಡ್ತಿದ್ನಾ ಭಾವ?" ಅಂದೆ. "ಒಳಗಿರೋರು ಒಬ್ರೇ."

"ಒಬ್ಬರಾದ್ರೆ ಓರೆ ಎರಡು ಹೆಂಗಾಯ್ತದೆ? ಒಂದು ಸಲ ಒಂದಕ್ಕೆರಡು, ಇನ್ನೊಂದು ಸಲ ಹತ್ತಕ್ಕೆ ಹನ್ನೊಂದು. ಬಯಲಲ್ಲಿ ಯಾರಾದ್ರೂ ತಿರುಗಿದ್ದು ಉಂಟಾ?"

ನಾನು ಸುಣ್ಣದ ಕಡ್ಡಿ ತೆಗೆದುಕೊಂಡು ಜಗಲಿಯ ಚಪ್ಪಡಿಯ ಮೇಲೆ ಎರಡು ಗಂಟೆಯ ಗುರುತು ಹಾಕಿದೆ. ಕೈ ರೂಢಿಯಂತೆ ಬಾಗಿಲ ಗುರುತಿಗೇ ಹೋಗುತ್ತಿತ್ತು. ಆ ಕೈಯನ್ನು ಹಿಡಿದು ನಿಲ್ಲಿಸಿಕೊಂಡೆ ಅನ್ನಿ. ಬಾಗಿಲನ್ನು ಬಿಟ್ಟುಬಿಟ್ಟರೆ? ಒಬ್ಬರೇ ಆಗಿದ್ದು ನೆಟ್ಟಗೇ ಹೋಗಿದ್ದರೆ, ಒಡಕಲಿಯಿಂದ ಕಂಚವ್ವನ ತನಕ ಹೋದ ಓರೆಯೇ ಅವರ ಓರೆ. ನಾಲ್ಕರಿಂದ ಹತ್ತು, ಮೂಡಲಿಗೆ ಆರು ಹಗ್ಗ. ಎಂಟರಿಂದ ಹನ್ನೊಂದು, ಬಡಗಲಿಗೆ ಮೂರು. ಎರಡಕ್ಕೆ ಒಂದು. ಒಡಕಲಿಯನ್ನು ಮುಟ್ಟುವ ಮೊದಲೂ ಅದೇ ಎರಡಕ್ಕೆ ಒಂದರಲ್ಲೇ ಬಂದಿರಬೇಕಲ್ಲ? ಹಿಂದಕ್ಕೆ ಹೋದೆ. ಪಡುವಲಿಗೆ ನಾಲ್ಕು ಹಗ್ಗ ಸರಿದರೆ ತೆಂಕಲಿಗೆ ಎರಡು ಇಳಿಯುತ್ತದೆ. ಎಂಟರಲ್ಲಿ ಎರಡು ಕಳೆದರೆ ಆರು. ಬಾಗಿಲಿಂದ ಹೊರಟಿದ್ದರೆ ಅಲ್ಲಿ ಸೊನ್ನೆ ಬರಬೇಕಿತ್ತು. ಆರು ಬಂದಿತ್ತು.

"ಭಾವ, ಅವರು ಬಾಗಿಲಿಂದ ಹೋಗೇ ಇಲ್ಲ," ಅಂದೆ. "ಬಾಗಿಲಿಗೆ ಬಡಗಲಲ್ಲಿ ಆರು ಹಗ್ಗದ ತಾವಿಂದ ಇಳಿದವ್ರೆ. ಮೂಡಲಿಗೆ ಎಷ್ಟು ಹೋದ್ರೋ ಅದರರ್ಧ, ಅದಕ್ಕೆ ಆರು ಸೇರಿಸಿದ್ರೆ ಅಷ್ಟು ಬಡಗಲಿಗೆ. ಎರಡು ಗಂಟೇನೂ ಇಟ್ಟು ನೋಡಿ, ಎರಡೂ ಕೂತ್ಕತವೆ. ದಡದಲ್ಲಿ ಮೂವತ್ತರರ್ಧ ಹದಿನೈದು, ಆರು ಸೇರಿದ್ರೆ ಇಪ್ಪತ್ತೊಂದು. ಬಲೆ ಇಪ್ಪತ್ತೊಂದಕ್ಕೆ."

ಜನ ಗುಜುಗುಜು ಅಂದರು. ಬಾಗಿಲಿಂದ ಬಡಗಲಿಗೆ ಬಯಲಿಗೆ ಬೆನ್ನು ಮಾಡಿ ಮನೆಗಳ ಸಾಲಿದೆ. ಆರನೇ ಹಗ್ಗ ಅಂದರೆ ಯಾರ ಹಿತ್ತಲು ಅಂತ ಯಾರಿಗೂ ಲೆಕ್ಕ ಹಾಕಿ ಹೇಳಬೇಕಿರಲಿಲ್ಲ. ಎಲ್ಲರ ಮುಖವೂ ಪುಟ್ಟಲಿಂಗಮ್ಮನ ಕಡೆ ತಿರುಗಿತು.

ಪುಟ್ಟಲಿಂಗಮ್ಮ ನನ್ನ ಅತ್ತೆಯ ಒಡಹುಟ್ಟಿದ ತಂಗಿ, ನನಗೆ ಚಿಕ್ಕತ್ತೆ. ಇಬ್ಬರೂ ಮಾತು ಬಿಟ್ಟು ನನ್ನ ಮದುವೆಗೆ ಎಷ್ಟು ವರ್ಷವಾಯಿತೋ ಅಷ್ಟೇ ವರ್ಷ. ನನ್ನ ಮದುವೆಯ ಊಟದಲ್ಲಿ ಮೊದಲ ಎಲೆ ತನಗೆ ಹಾಕಲಿಲ್ಲ ಅಂತ ಚಿಕ್ಕತ್ತೆ ಎದ್ದು ಹೋದರು. ಎದ್ದು ಹೋದವಳನ್ನು ಕರೆಯಲು ನಾನೇನು ಅವಳ ಆಳೇ ಅಂತ ಅತ್ತೆ ಕೂತರು. ಆಮೇಲೆ ಇಬ್ಬರೂ ಊರಮ್ಮನ ಗುಡಿಯಲ್ಲಿ ಆಣೆ ಹಾಕಿದರು. ಅವಳ ಹೊಸಿಲು ತುಳಿದರೆ ನನ್ನ ಕಾಲು ಸೇದಿಹೋಗಲಿ ಅಂತ ಅಕ್ಕ. ಅವಳು ನನ್ನ ಮನೆಗೆ ಬಂದಳು ಅಂತ ಈ ಬಾಯಿ ಹೇಳಿದ ದಿನ ನಾಲಿಗೆ ಬಿದ್ದುಹೋಗಲಿ ಅಂತ ತಂಗಿ. ಊರಿಗೆ ಊರೇ ಕೇಳಿಸಿಕೊಂಡ ಆಣೆ ಅದು.

ನಾನು ಅವರ ಮುಂದೆ ಹೋಗಿ ನಿಂತೆ. "ಚಿಕ್ಕತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಅತ್ತೆ ನಿಮ್ಮ ಹಿತ್ತಲಿಂದ ಇಳಿದ್ರಾ?"

ಅವರ ಮುಖದಲ್ಲಿ ರಕ್ತವಿರಲಿಲ್ಲ. ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗದ ಹಾಗೆ ಮಾಡಿಕೊಂಡಿದ್ದರು. ಸುತ್ತ ನಿಂತ ಜನವನ್ನು ಒಮ್ಮೆ ನೋಡಿದರು. "ನನ್ನ ಮನೆಗೆ ಯಾರೂ ಬಂದಿಲ್ಲ," ಅಂದರು.

"ಕೇಳ್ದಾ?" ನನ್ನ ಗಂಡ ನನ್ನ ಮೇಲೇ ರೇಗಿದರು. "ನಮ್ಮವ್ವ ಸತ್ರೂ ಅವರ ಮನೆ ಕಡೆ ತಲೆ ಹಾಕಲ್ಲ. ಅವ್ವನ ಜೀವ ಹೋಗೋ ಹೊತ್ನಲ್ಲಿ ನಿನ್ನದೊಂದು ಹೊಸ ಲೆಕ್ಕ!"

ಭಾವ ಮೆತ್ತಗೇ ಹೇಳಿದರು, "ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ಬೇಡ ದೇವೀರಿ. ಇಷ್ಟು ವರ್ಷದಲ್ಲಿ ಬಾಗಿಲಿಂದ ಎಳೆದ ಗೆರೆ ಒಂದು ಸಲಾನೂ ತಪ್ಪಿಲ್ಲ." ಅದು ಸುಳ್ಳಲ್ಲ. ಆ ಗೆರೆ ಎಳೆದು ಎಷ್ಟೋ ಜನರ ಜೀವ ಉಳಿಸಿದವರು ಅವರು. ನನಗೆ ಆ ಕೆಲಸ ಕಲಿಸಿದವರೂ ಅವರೇ. ನಾನು ಚಪ್ಪಡಿಯ ಮೇಲಿನ ಆರನ್ನು ನೋಡಿದೆ, ಚಿಕ್ಕತ್ತೆಯ ಬಿಳಿಚಿದ ಮುಖ ನೋಡಿದೆ. ಒಂದು ಬಾಯಿ, ಎರಡು ಗಂಟೆ. ಯಾವುದನ್ನು ನಂಬಲಿ? ಮಾತಾಡುತ್ತ ನಿಂತರೆ ಕೆಲಸ ಕೆಡುತ್ತದೆ ಅಂತ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ನಡುಗಟ್ಟೆಗೆ ಪಾದ ಹೊಂದಿಸಿ ಓಡುತ್ತಲೇ ಬಯಲಿಗೆ ಇಳಿದೆ. ಹಿಂದೆಯೇ ಭಾವನೂ ಇಳಿದರೆಂದು ಆಮೇಲೆ ಗೊತ್ತಾಯಿತು.

ಓಡುತ್ತ ಹೊಕ್ಕಿದ್ದೆನಲ್ಲ, ಕಾಲು ನನ್ನ ಮಾತು ಕೇಳದೆ ಓಡಿತು. ಬಿಳುಪು ಬಿಟ್ಟರೆ ಏನೂ ಇಲ್ಲ, ಉಸಿರಿನ ಸದ್ದೂ ಇಲ್ಲ. ಅರ್ಧ ದಾರಿ ಮುಟ್ಟುವ ಮೊದಲೇ ನನಗೆ ಹೊಳೆಯಿತು: ನನ್ನ ಗೆರೆ, ಅತ್ತೆಯ ಗೆರೆ ಎರಡೂ ಒಂದು ಕಡೆ ಕೂಡಲೇಬೇಕು. ಮೂಡಲಿಗೆ ಹದಿನೈದು ಹಗ್ಗ ಆದಾಗ ನಾನು ಇರುವ ಜಾಗವೂ ಅವರು ಹಾಯುವ ಜಾಗವೂ ಒಂದೇ. ಅವರು ಸೊಂಟ ಹಿಡಿದುಕೊಂಡು ಕೋಲೂರುತ್ತ ಇನ್ನೂ ಹಿಂದಿದ್ದಾರೆ. ಅಲ್ಲಿ ಒಂದು ಗಳಿಗೆ ನಿಂತರೆ ಸಾಕು, ಅವರೇ ಬಂದು ನನಗೆ ಡಿಕ್ಕಿ ಹೊಡೆಯುತ್ತಾರೆ. ಅಪ್ಪಿ ಹಿಡಿದುಕೊಂಡುಬಿಡಬಹುದು. ನಿಲ್ಲು ಅಂತ ಕಾಲಿಗೆ ಬೈದೆ, ಬೇಡಿಕೊಂಡೆ. ಅತ್ತೇ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗಿದ್ದು ನನ್ನ ಕಿವಿಗೂ ಬೀಳಲಿಲ್ಲ. ಆ ಜಾಗವನ್ನು ಎಲ್ಲೋ ದಾಟಿಬಿಟ್ಟೆ. ಆಮೇಲಿನ ದಾರಿಯುದ್ದಕ್ಕೂ ಅಳುತ್ತಲೇ ಓಡಿದೆ.

ನಡುಗಟ್ಟೆಯಲ್ಲಿ ಬಲೆಯ ಈರಭದ್ರನೂ ಅವನ ಕಡೆಯವರೂ ಗಂಟೆ ಕೇಳಿ ಎದ್ದು ನಿಂತಿದ್ದರು. ಬಲೆ ಸುತ್ತಿ ನೆಲದ ಮೇಲಿಟ್ಟಿದ್ದರು. "ಎಷ್ಟಕ್ಕಕ್ಕ?" ಅಂದ ಈರಭದ್ರ.

"ಇಪ್ಪತ್ತೊಂದು," ಅಂದೆ. ಅಷ್ಟರಲ್ಲಿ ಭಾವ ಮಂಜಿನಿಂದ ಏದುತ್ತ ಹೊರಬಿದ್ದು "ಮೂವತ್ತಮೂರು!" ಅಂತ ಕೂಗಿದರು.

ನಡುಗಟ್ಟೆ ಇರುವುದು ಇಪ್ಪತ್ತೇಳರಲ್ಲಿ. ಬಡಗಲಿಗೆ ಆರು ಹಗ್ಗ ಓಡಿದರೆ ಭಾವನ ಜಾಗ, ತೆಂಕಲಿಗೆ ಆರು ಹಗ್ಗ ಓಡಿದರೆ ನನ್ನದು. ಈರಭದ್ರ ಇಬ್ಬರ ಮುಖವನ್ನೂ ನೋಡಿದ. ಹಿರಿಯರ ಮಾತು ಅಂತ ಬಡಗಲ ಕಡೆ ಹೊರಟು, "ಎತ್ರೋ" ಅಂದ. ನನಗೆ ಬೇರೇನೂ ತೋಚಲಿಲ್ಲ. ಹೋಗಿ ಬಲೆಯ ಮೇಲೆ ಕೂತುಬಿಟ್ಟೆ.

"ಏಳು ದೇವೀರಿ," ಅಂದರು ಭಾವ. "ನಿನ್ನ ಅತ್ತೇನ ನೀನೇ ಕೊಲ್ತೀಯ."

"ಮುಂದಿನ ಗಂಟೆ ಕೇಳಿ ಎದ್ದೇಳ್ತೀನಿ," ಅಂದೆ. "ಮೂಡಲಿಗೆ ಇಪ್ಪತ್ತರಲ್ಲಿ ಎರಡು ಗಂಟೆ ಅವೆ. ನಿಮ್ಮ ಗೆರೆ ನಿಜ ಆದ್ರೆ ಅವ್ರು ಬಡಗಲಿಗೆ ಇಪ್ಪತ್ತೆರಡರಲ್ಲಿ ಹಾಯ್ತಾರೆ, ಗೂಳಿ ಮೊಳಗ್ತದೆ. ನನ್ನದು ನಿಜ ಆದ್ರೆ ಇಪ್ಪತ್ತರರ್ಧ ಹತ್ತು, ಆರು ಸೇರಿದ್ರೆ ಹದಿನಾರು. ಕಿರುಗೌರಿ ಮೊಳಗ್ತದೆ. ಗೂಳಿ ಮೊಳಗಿದ್ರೆ ನಾನೇ ಬಲೆ ಹೊತ್ಕೊಂಡು ಬಡಗಲಿಗೆ ಓಡ್ತೀನಿ."

"ಮೊಳಗೋದು ಯಾವಾಗ, ಬಲೆ ಒಡ್ಡೋದು ಯಾವಾಗ?"

"ತಪ್ಪು ಜಾಗದಲ್ಲಿ ಮೊದಲೇ ಒಡ್ಡಿ ಏನು ಪುಣ್ಯ ಭಾವ?"

ಈರಭದ್ರ ನನ್ನ ಪಕ್ಕ ಕುಕ್ಕರಿಸಿ ಕೂತು ಬಲೆಯ ಗಂಟುಗಳನ್ನು ಸಡಿಲಿಸತೊಡಗಿದ. ಯಾವ ಕಡೆಗಾದರೂ ಆಗಲಿ, ಬಿಚ್ಚಿಯಂತೂ ಇಟ್ಟಿರೋಣ ಅಂದ. ಎಲ್ಲರೂ ಮಂಜಿನ ಕಡೆ ಕಿವಿ ಕೊಟ್ಟು ನಿಂತಿದ್ದರು. ಗಣಿಯ ತಳದಿಂದ ಪಾರಿವಾಳಗಳ ಗುಟುರು ಕೇಳುತ್ತಿತ್ತು, ಎಷ್ಟು ಕೆಳಗಿಂದ ಅಂತ ಅದರಲ್ಲೇ ಗೊತ್ತಾಗುತ್ತಿತ್ತು. ನಾನು ಕೂತಲ್ಲೇ ನನ್ನ ಲೆಕ್ಕವನ್ನು ಮತ್ತೆ ಮತ್ತೆ ಹಾಕಿದೆ. ಒಡಕಲಿಯನ್ನು ಅದೇ ಅಂತ ಸರಿಯಾಗಿ ಕೇಳಿದೆನೇ? ಭಾವ ಹೇಳಿದ ಹಾಗೆ ನಿಜಕ್ಕೂ ಇಬ್ಬರಿದ್ದರೆ? ಅತ್ತೆ ಗಣಿಯ ಬಂಡೆಯ ಮೇಲೆ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಸೊಸೆ ಬಲೆಯ ಮೇಲೆ ಕೂತು ಕೊಂದಳು ಅಂತ ಊರು ಹೇಳುತ್ತದೆ, ಹೇಳುವುದೂ ಸರಿ. ಊರಮ್ಮಾ, ಗೂಳಿಯ ಬಾಯಿ ಕಟ್ಟು ತಾಯೀ ಅಂತ ಕೈ ಮುಗಿದೆ.

ಕಿರುಗೌರಿ ಮೊಳಗಿತು. ಮಗುವಿನ ಕಾಲ್ಗೆಜ್ಜೆಯಷ್ಟೇ ಸಣ್ಣ ದನಿ.

ಭಾವ, "ಮೂರನೆಯವರು ಯಾರಾದ್ರೂ..." ಅಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಇವತ್ತು ಊರೆಲ್ಲಾ ಬಯಲಿಗೆ ಇಳಿದದಾ ಬುದ್ಧಿ?" ಅಂತ ಈರಭದ್ರ ಕೂಗಿದ. "ಏಳಕ್ಕ ಮೇಲೆ!" ಮರುಗಳಿಗೆಯೇ ಭಾವ ಬಲೆಯ ಒಂದು ತುದಿಯನ್ನು ಹೆಗಲಿಗೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ತೆಂಕಲಿಗೆ ಓಡಿದರು. ಆ ಮನುಷ್ಯನ ಮೇಲೆ ನನಗೆ ಆವತ್ತೂ ಸಿಟ್ಟಿರಲಿಲ್ಲ, ಈಗಲೂ ಇಲ್ಲ.

ದಡದ ಉದ್ದಕ್ಕೂ ಹಗ್ಗಕ್ಕೊಂದು ಗೂಟ ಹೊಡೆದಿದ್ದಾರೆ. ಇಪ್ಪತ್ತೊಂದರ ಗೂಟ ಸಿಕ್ಕುವಷ್ಟರಲ್ಲಿ ನನ್ನ ಅಂಗಾಲು ಹರಿದು ರಕ್ತ ಬರುತ್ತಿತ್ತು. ಮಂಜಿನ ಈಚೆ ಒಂದು ಹೆಜ್ಜೆ ಅಗಲದ ಜಾಗ, ಅದರಾಚೆ ಗಣಿ. ಗೂಟದ ಎರಡು ಮಗ್ಗುಲಿಗೂ ಬಲೆಯ ಮೇಲಂಚನ್ನು ಕೊಂಡಿಗೆ ಸಿಕ್ಕಿಸಿದರು. ಕೆಳಗಿನ ಅಂಚಿಗೆ ಬಿದಿರಿನ ಗಳು ಕೊಟ್ಟು ಗಣಿಯ ಕಡೆಗೆ ಚಾಚಿ, ಎರಡು ಮಗ್ಗುಲಿಂದ ಹಗ್ಗ ಜಗ್ಗಿ ಹಿಡಿದರು. ನಾನೂ ಒಂದು ಹಗ್ಗ ಹಿಡಿದೆ. ಕಾದೆವು. ಅತ್ತೆ ನಿಧಾನಕ್ಕೆ ನಡೆಯುತ್ತಾರೆ ಅಂತ ದಿನಾ ಬೈಯುತ್ತಿದ್ದವಳು ನಾನು; ಇನ್ನೂ ನಿಧಾನಕ್ಕೆ ಬನ್ನಿ ಅಂತಲೂ ಅನ್ನಿಸಿತು, ಬೇಗ ಬಂದುಬಿಡಿ ಅಂತಲೂ ಅನ್ನಿಸಿತು.

ಮೊದಲು ಕೋಲು ಕಂಡಿತು. ಆಮೇಲೆ ಕೋಲು ಹಿಡಿದ ಕೈ. ಆಮೇಲೆ ಪೂರಾ ಅತ್ತೆ, ತಲೆಯ ಮೇಲೆ ಸೆರಗು ಹೊದ್ದು, ಸಂಜೆಯ ಹೊತ್ತು ಗುಡಿಗೆ ಹೊರಟವರ ಹಾಗೆ ಮಂಜಿನಿಂದ ಹೊರಬಂದು ಗಾಳಿಯಲ್ಲಿ ಕಾಲಿಟ್ಟರು. ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋಯಿತು. ಈರಭದ್ರ ನನ್ನ ಹಿಂದೆ ಕಾಲೂರಿ ಜಗ್ಗಿದ. ಕೋಲು ಗಣಿಗೆ ಬಿದ್ದು, ಅದು ತಳ ಮುಟ್ಟಿದ ಸದ್ದು ಎಷ್ಟೋ ಹೊತ್ತಿನ ಮೇಲೆ ಬಂತು. ಬಲೆಯೊಳಗಿಂದ ಅತ್ತೆಯ ದನಿ ಬಂತು: "ಯಾವಳೇ ಅದು ಹಿಂಗೆ ಅಲ್ಲಾಡಿಸ್ತಿರೋಳು? ಮೊದಲೇ ನನ್ನ ಸೊಂಟ ಸರಿಯಿಲ್ಲ!"

ನಾನು ಜೋರಾಗಿ ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಗೋಳೋ ಅಂದೆ. ಎಲ್ಲರೂ ಸೇರಿ ಎಳೆದು ಮೇಲೆ ಹಾಕಿಕೊಂಡ ಮೇಲೆ ಅವರ ಮುಖ, ಕೈ, ಕಾಲು ಎಲ್ಲ ತಡವಿ ನೋಡಿದೆ. ಮೊಣಕೈ ತರಚಿತ್ತು, ಅಷ್ಟೆ. "ಅಳಬೇಡ, ನಾನಿನ್ನೂ ಸತ್ತಿಲ್ಲ. ನಿನ್ನ ರೊಟ್ಟಿ ತಿಂದೂ ಸಾಯದೋಳು ಇದಕ್ಕೆಲ್ಲ ಸಾಯ್ತೀನಾ?" ಅಂದರು. ಕೈ ಮಾತ್ರ ನನ್ನ ರಟ್ಟೆ ಬಿಡಲಿಲ್ಲ.

ಭಾವ ಅವರ ಎದುರು ಕೂತು ನೇರವಾಗಿ ಕೇಳಿದರು. "ಸಾಕಮ್ಮತ್ತೆ, ಪುಟ್ಟಲಿಂಗಮ್ಮನ ಹಿತ್ತಲಿಂದ ತಾನೆ ನೀವು ಇಳಿದಿದ್ದು?"

ಅತ್ತೆ ನನ್ನನ್ನು ನೋಡಿದರು, ಬಲೆಯನ್ನು ನೋಡಿದರು. ಇವರಿಗೆಲ್ಲ ಗೊತ್ತಾಗಿಹೋಗಿದೆ ಅಂತ ಅವರಿಗೂ ಗೊತ್ತಾಯಿತು. "ಹೊಸಿಲು ತುಳಿದಿಲ್ಲ ಕಣಪ್ಪ," ಅಂದರು ಸಣ್ಣ ದನಿಯಲ್ಲಿ. "ಹಿತ್ತಲಿಂದ ಹೋಗಿ ಹಿತ್ತಲಿಂದ ಬರ್ತಿದ್ದೆ. ಅವಳಿಗೂ ವಯಸ್ಸಾಯ್ತು. ಒಂದು ಎಲೆ ಅಡಕೆ ಹಾಕ್ಕಂಡು ಕೂತ್ಕಂಡ್ರೆ ಅದರಲ್ಲೇನಿದೆ ಪಾಪ?"

ನಡೆದದ್ದು ಇಷ್ಟು. ನಮ್ಮ ಹಿತ್ತಲು ಬಡಗಲಿಂದ ಬಯಲೊಳಕ್ಕೆ ನಾಲಿಗೆಯ ಹಾಗೆ ಚಾಚಿಕೊಂಡಿದೆ. ತಂಗಿಯ ಹಿತ್ತಲ ಬಾಗಿಲಿಂದ ಎರಡಕ್ಕೊಂದರ ಓರೆಯಲ್ಲಿ ಇಳಿದರೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನಮ್ಮ ಬೇಲಿ ಸಿಗುತ್ತದೆ. ಬೀದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಎಷ್ಟೋ ವರ್ಷದಿಂದ ಹಾಗೇ ಬಂದು ಹೋಗುತ್ತಿದ್ದರಂತೆ. ಇವತ್ತು ಆ ಬಾಗಿಲಿಗೆ ಕರು ಹಾಕಿದ ಎಮ್ಮೆ ಕಟ್ಟಿದ್ದರು, ಹತ್ತಿರ ಹೋದರೆ ಹಾಯಲು ಬಂತು. ಅದಕ್ಕೆ ಅತ್ತೆ ಒಂದು ಹಗ್ಗ ತೆಂಕಲಿಗೆ, ಬಚ್ಚಲ ಮಗ್ಗುಲಿನ ಗೋಡೆ ಬಿದ್ದ ಕಿಂಡಿಯಿಂದ ಇಳಿದಿದ್ದಾರೆ. ಅದೇ ಎರಡಕ್ಕೊಂದು ಓರೆ ತಾನೇ, ಎಲ್ಲಿಂದ ಇಳಿದರೇನು ಅಂದುಕೊಂಡರಂತೆ. ನಮ್ಮ ಬೇಲಿ ಒಂದು ಹಗ್ಗ ಎಡಕ್ಕೆ ಉಳಿಯಿತು, ಅತ್ತೆ ಮುಂದಕ್ಕೆ ಹೋದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬಾಗಿಲಲ್ಲಿ ಕೂತು ಓರೆ ಹೇಳುವ ನಾವೇ ಹೊರಟ ಜಾಗ ಕೇಳಿದವರಲ್ಲ.

"ಪುಟ್ಟೀನ ನೀವು ಏನೂ ಕೇಳ್ಬೇಡಿ," ಅಂದರು ಅತ್ತೆ. "ಅವಳು ಆಣೆ ಹಾಕವ್ಳೆ."

"ಕೇಳಿ ಆಯ್ತು," ಅಂದೆ. "ಯಾರೂ ಬಂದಿಲ್ಲ ಅಂದ್ರು. ಎಲ್ಲರ ಮುಂದೆ. ನೀವು ಇಲ್ಲಿ ಸಾಯ್ತಿದ್ರಿ, ಅವ್ರು ಅಲ್ಲಿ ಹಂಗಂದ್ರು." ನನಗೆ ಆ ಮುದುಕಿಯ ಮೇಲೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಅತ್ತೆ ತರಚಿದ ಮೊಣಕೈಯನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕೂತರು. ಈರಭದ್ರ ಗಳುಗಳನ್ನು ಬಿಚ್ಚಲು ಹೇಳಿ, ಅತ್ತೆಯನ್ನು ಹೊತ್ತುಕೊಂಡು ಹೋಗಲು ಇಬ್ಬರನ್ನು ಕರೆದ. ಬಲೆಯ ಒಂದು ಕೊಂಡಿ ಕಳಚಿದ್ದರು, ಆಗ ಮಂಜಿನೊಳಗಿಂದ ಒಡಕಲಿ ಕೇಳಿಸಿತು.

ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತರು. ಭಾವನ ತುಟಿ ಲೆಕ್ಕ ಹಾಕುತ್ತ ಆಡುತ್ತಿತ್ತು. ಒಂದೇ ಗಂಟೆಯ ದನಿಯಿಂದ ಏನೂ ಹೇಳಲಾಗದು ಅಂತ ಈಗ ಅವರಿಗೂ ಗೊತ್ತಿತ್ತು. ನಾವು ಕಾದೆವು. ಸುಮಾರು ಹೊತ್ತಾದ ಮೇಲೆ ಕಂಚವ್ವ ಮೊಳಗಿತು.

"ಎರಡಕ್ಕೊಂದು," ಅಂದರು ಭಾವ. "ಆರರಿಂದಲೇ."

ಆ ಬಚ್ಚಲ ಕಿಂಡಿಯಿಂದ ಬಯಲಿಗೆ ಇಳಿಯುವವರು ಇನ್ಯಾರು? ನಾವು ನನ್ನ ಲೆಕ್ಕ ನಂಬಿದೆವೋ ಇಲ್ಲವೋ, ಅಕ್ಕನಿಗೆ ಬಲೆ ಸಿಕ್ಕಿತೋ ಇಲ್ಲವೋ, ಅವರಿಗೆ ಒಂದೂ ಗೊತ್ತಿರಲಿಲ್ಲ. ಆಚೆ ಬಲೆಯಿದೆ ಅನ್ನುವ ಭರವಸೆಯೂ ಇಲ್ಲದೆ ಇಳಿದಿದ್ದರು. ನನ್ನ ಹೊಟ್ಟೆಯ ಬೆಂಕಿ ಎಲ್ಲಿ ಹೋಯಿತೋ ಕಾಣೆ.

ಅತ್ತೆ ನನ್ನ ಹೆಗಲು ಹಿಡಿದು ಎದ್ದು ನಿಂತರು. "ಮೊಂಡಿ," ಅಂದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಇಲ್ಲ. "ಬಾಯಲ್ಲಿ ಹೇಳಿದ್ರೆ ನಾಲಿಗೆ ಬಿದ್ದೋಯ್ತದೆ ಅಂತ ಕಾಲಲ್ಲಿ ಹೇಳಕ್ ಬರ್ತಾವ್ಳೆ. ಏ ಈರಭದ್ರ, ಬಿಚ್ಚಬೇಡ ಕಣೋ! ಆ ಕೊಂಡಿ ಸಿಕ್ಕಿಸು. ನನಗೊಂದು ಹಗ್ಗ ಕೊಡು."

"ಬೇಡವ್ವ, ನಿಮ್ಮ ಸೊಂಟ..."

"ಕೊಡೋ ಅಂದ್ರೆ. ಅವಳು ಚಿಕ್ಕಂದಿನಿಂದ್ಲೂ ನನಗಿಂತ ಭಾರ."

ಅತ್ತೆ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು ನನ್ನ ಮುಂದೆ ನಿಂತರು. ನಾನು ಹಿಂದಿನಿಂದ ಅವರ ಸೊಂಟ ಬಳಸಿ ಹಿಡಿದೆ. ಕಿರುಗೌರಿ ಮೊಳಗಿತು, ನಾವೆಲ್ಲ ಕಾಲೂರಿ ನಿಂತೆವು.